ಒರ್ಲೀನಕ್ಕ ಎಡ ಹೆಗಲಿಗೆ ಬಂದೂಕು ಕೊಟ್ಟ ವರ್ಷ

ಮೂವತ್ತೊಂದು ವರ್ಷದಿಂದ ನಾನು ಬೇರ್ ಲಿಕ್ ಊರಿನ ಹಾರ್ಡ್‌ವೇರ್ ಅಂಗಡಿಯಲ್ಲಿ ಬಂದೂಕಿನ ಕೌಂಟರಿನ ಹಿಂದೆ ನಿಂತು ಬದುಕಿದವನು. ಇಷ್ಟು ವರ್ಷದಲ್ಲಿ ನನಗೆ ಒಂದು ಮಾತು ಖಚಿತವಾಗಿದೆ: ಪ್ರೀತಿಯಲ್ಲಿ ಬಿದ್ದವನಿಗಾದರೂ ಸ್ವಲ್ಪ ಬುದ್ಧಿ ಉಳಿದಿರುತ್ತದೆ, ಸಣ್ಣ ಗುಂಡಿನ ಪಾಯಿಂಟ್ ಟೂ-ಟೂ ರೈಫಲ್ ಕೊಳ್ಳಲು ಬಂದವನಿಗೆ ಅದೂ ಇರುವುದಿಲ್ಲ. ಒಬ್ಬನಿಗೆ ಮರ ಮಿರಮಿರ ಮಿಂಚಬೇಕು. ಇನ್ನೊಬ್ಬನಿಗೆ ಕಣ್ಣು ಮಿಟುಕಿಸುವಷ್ಟರಲ್ಲಿ ಹತ್ತು ಗುಂಡು ಹಾರಬೇಕು. ಮತ್ತೊಬ್ಬನಿಗೆ ದೂರದ್ದನ್ನು ಹತ್ತಿರ ತೋರಿಸುವ ಸ್ಕೋಪ್ ಬಂದೂಕಿಗಿಂತ ಉದ್ದವಿರಬೇಕು. ಹೊಡೆಯಲು ಹೊರಟಿರುವುದು ಮಾತ್ರ ಹಿಕರಿ ಮರದ ತುದಿಯಲ್ಲಿ ಕಾಯಿ ಕಡಿಯುತ್ತ ಕೂತ, ಮೊಲದ ಮರಿಯಷ್ಟಿರುವ ಬೂದು ಅಳಿಲನ್ನು. ನನ್ನ ಕಣ್ಣಿಗೆ, ನನ್ನ ಕೈಗೆ ಯಾವುದು ಹೊಂದುತ್ತದೆ ಎಂದು ಕೇಳಿದವರನ್ನು ಬೆರಳಲ್ಲಿ ಎಣಿಸಬಹುದು. ಅವರಲ್ಲಿ ಒರ್ಲೀನಕ್ಕ ಒಬ್ಬಳು. ಅವಳೂ ಮೊದಲ ದಿನವೇ ಕೇಳಲಿಲ್ಲ. ಬಂದೂಕನ್ನು ಬೈದು, ನನ್ನನ್ನು ಬೈದು, ಆಮೇಲೆ ಕೇಳಿದಳು.

ಒರ್ಲೀನಾ ಫ್ಯೂಗೇಟ್ ನಮ್ಮೂರ ಸ್ಕೂಲಿನ ಅಡುಗೆಮನೆಯಲ್ಲಿ ನಲವತ್ತು ವರ್ಷ ಸೌಟು ಹಿಡಿದವಳು. ಊರಿನ ಅರ್ಧ ಜನ ಅವಳ ಕೈಯ ಬೀನ್ಸ್ ಸಾರು, ಮೆಕ್ಕೆಜೋಳದ ಬ್ರೆಡ್ಡು ತಿಂದೇ ಬೆಳೆದದ್ದು. ತಟ್ಟೆಯಲ್ಲಿ ಬಿಟ್ಟವರ ಕಿವಿ ಹಿಂಡುತ್ತಿದ್ದಳು. ನನ್ನ ಎಡಗಿವಿ ಬಲಗಿವಿಗಿಂತ ಉದ್ದವಿರುವುದಕ್ಕೆ ಅವಳೇ ಕಾರಣ ಎಂದು ನಾನು ಇವತ್ತಿಗೂ ಹೇಳುತ್ತೇನೆ. ಗಂಡ ಕ್ಲೆಲ್ ಬ್ಯಾಂಜೋ ನುಡಿಸುತ್ತಿದ್ದ, ಬಂದೂಕಿನ ಸದ್ದಿಗೆ ಕಿವಿ ಮುಚ್ಚಿಕೊಳ್ಳುತ್ತಿದ್ದ. ಆ ಮನೆಯಲ್ಲಿ ಬೇಟೆಯಾಡಿ ತರುವವಳು ಹೆಂಡತಿ, ಸುಲಿದು ಗ್ರೇವಿ ಮಾಡುವವನು ಗಂಡ. ಯಾರು ಏನೇ ನಕ್ಕರೂ ಅವರಿಬ್ಬರ ಹೊಟ್ಟೆ ತುಂಬಿತ್ತು. ಕ್ಲೆಲ್ ತೀರಿಕೊಂಡು ಆಗ ಆರು ವರ್ಷ. ಹೊಳೆಯಾಚೆಯ ಮನೆಯಲ್ಲಿ ಅವಳ ತಮ್ಮ ಹೋಬರ್ಟ್ ಇದ್ದ. ಗಣಿ ಕೆಲಸದಿಂದ ನಿವೃತ್ತನಾಗಿದ್ದ, ಬಾಯಿ ಮಾತ್ರ ಇನ್ನೂ ಮೂರು ಪಾಳಿಯಲ್ಲಿ ದುಡಿಯುತ್ತಿತ್ತು.

ಅವರ ಅಪ್ಪ ಇನಾಕ್ ಸ್ಲೋನ್ ಒಂದು ಕಟ್ಟಳೆ ಮಾಡಿಟ್ಟು ಹೋಗಿದ್ದ. ಅಳಿಲಿನ ಬೇಟೆ ಶುರುವಾಗುವುದು ಆಗಸ್ಟ್ ತಿಂಗಳ ಮೂರನೆಯ ಶನಿವಾರ. ಹಿಂದಿನ ದಿನ ಶುಕ್ರವಾರ ಮಧ್ಯಾಹ್ನ ಮನೆಯ ಬೇಟೆಗಾರರೆಲ್ಲ ಹಿತ್ತಲ ಬೇಲಿಯ ಹತ್ತಿರ ಕೂರಬೇಕು. ಇಪ್ಪತ್ತೈದು ಹೆಜ್ಜೆ ದೂರದಲ್ಲಿ, ಮಣ್ಣಿನ ದಿಬ್ಬದ ಮುಂದೆ, ಒಬ್ಬೊಬ್ಬರಿಗೆ ಒಂದೊಂದು ಪಾಪ್ಲರ್ ಮರದ ದಿಮ್ಮಿ. ಅದರ ಮೇಲೆ ಒಂದು ಕಾಗದ, ಕಾಗದದಲ್ಲಿ ಕಾಲು ಡಾಲರ್ ನಾಣ್ಯವಿಟ್ಟು ಪೆನ್ಸಿಲಿನಲ್ಲಿ ಎಳೆದ ಸುತ್ತು. ಐದು ಗುಂಡು, ಐದೂ ಸುತ್ತಿನೊಳಗೆ. ಬಿದ್ದರೆ ಕಾಗದಕ್ಕೆ ತಾರೀಖು ಬರೆದು ಹಂದಿಮಾಂಸಕ್ಕೆ ಹೊಗೆ ಹಾಕುವ ಹೊಗೆಮನೆಯ ಗೋಡೆಗೆ ಮೊಳೆ ಹೊಡೆಯುವುದು. ಬೀಳದಿದ್ದರೆ ಆ ವರ್ಷ ಕಾಡಿಗೆ ಬಂದೂಕು ಒಯ್ಯುವಂತಿಲ್ಲ, ಬೇರೆಯವರ ಹಿಂದೆ ಚೀಲ ಹೊತ್ತು ನಡೆಯಬೇಕು. ತಲೆಗೆ ಬಿದ್ದರೆ ಅಳಿಲಿಗೆ ಸತ್ತದ್ದೂ ಗೊತ್ತಾಗುವುದಿಲ್ಲ, ಹೊಟ್ಟೆಗೆ ಬಿದ್ದರೆ ಪೊಟರೆ ಸೇರಿ ನರಳಿ ನರಳಿ ಸಾಯುತ್ತದೆ, ಅಷ್ಟು ನೋವು ಕೊಡುವ ಹಕ್ಕು ನಮಗಿಲ್ಲ ಎಂಬುದು ಇನಾಕ್‌ನ ನ್ಯಾಯ. ಹೋಬರ್ಟ್ ನಾಲ್ಕು ವರ್ಷ ಚೀಲ ಹೊತ್ತಿದ್ದ. ಒರ್ಲೀನಕ್ಕ ಒಂಬತ್ತನೇ ವಯಸ್ಸಿನಿಂದ ಒಮ್ಮೆಯೂ ಹೊತ್ತಿರಲಿಲ್ಲ. ಪರೀಕ್ಷೆ ಮುಗಿದ ಮೇಲೆ ದಿಮ್ಮಿಗಳನ್ನು ಸೀಳಿ, ಒಳಗಿನ ಸೀಸ ಹೆಕ್ಕಿ ಕರಗಿಸಿ, ಮೀನಿನ ಗಾಳಕ್ಕೆ ಭಾರ ಮಾಡಿಕೊಳ್ಳುವುದು ಹೋಬರ್ಟನ ಪಾಲಿನ ಕೆಲಸ.

ಆ ವರ್ಷ ಮೇ ತಿಂಗಳಲ್ಲಿ ಅಕ್ಕ ತಮ್ಮ ಇಬ್ಬರೂ ಅಂಗಡಿಗೆ ಬಂದರು. ಒರ್ಲೀನಕ್ಕ ಕೌದಿಯಲ್ಲಿ ಸುತ್ತಿ ತಂದ ಬಂದೂಕನ್ನು ಕೌಂಟರಿನ ಮೇಲಿಟ್ಟಳು. ಒಂಬತ್ತನೇ ವಯಸ್ಸಿಗೆ ಅಪ್ಪ ಕೊಟ್ಟದ್ದು. ಅವಳ ಬಲಗೆನ್ನೆ ಕೂರಲೆಂದೇ ಮರವನ್ನು ಚಾಕುವಿನಲ್ಲಿ ಕೆತ್ತಿ ಕೊಟ್ಟಿದ್ದ.

"ಆರ್ವಿಲ್, ಇದು ಕೆಟ್ಟೋಗಿದೆ ಕಣೋ. ಹೊಸದೊಂದು ತೋರ್ಸು."

"ಏನಾಗಿದೆ ಇದಕ್ಕೆ?"

"ಗುರಿ ತಪ್ತಾ ಇದೆ."

"ಕುಣಿಯಕ್ಕೆ ಬರ್ದೋಳು ನೆಲ ಡೊಂಕು ಅಂದ್ಳಂತೆ," ಎಂದ ಹೋಬರ್ಟ್, ನನ್ನ ಕಾಫಿಯನ್ನು ತನ್ನ ಲೋಟಕ್ಕೆ ಬಗ್ಗಿಸಿಕೊಳ್ಳುತ್ತ.

"ನಿನ್ನ ಬಾಯಿಗೊಂದು ಮೊಳೆ ಹೊಡೀತೀನಿ ನೋಡೀಗ."

ನಮ್ಮ ಅಂಗಡಿಯ ಹಿಂದೆ ಗುರಿ ನೋಡಲು ಒಂದು ದಿಬ್ಬವಿದೆ. ಅಲ್ಲಿಗೆ ಹೋಗಿ ಅವಳ ಹಳೆಯ ಬಂದೂಕಿನಿಂದ ನಾನೇ ಐದು ಗುಂಡು ಹಾರಿಸಿದೆ. ಐದೂ ಒಂದಕ್ಕೊಂದು ಅಂಟಿಕೊಂಡು ಬಿದ್ದವು. ಬಂದೂಕು ಗಟ್ಟಿಮುಟ್ಟಾಗಿದೆ ಎಂದೆ. ಒರ್ಲೀನಕ್ಕನ ಮೂಗಿನ ತುದಿ ಕೆಂಪಾಯಿತು.

"ನಿಂಗೆ ಮಾರಕ್ಕೆ ಇಷ್ಟ ಇಲ್ಲ ಅಂದ್ರೆ ಹೇಳು, ಪಕ್ಕದೂರಿಗೆ ಹೋಗ್ತೀನಿ."

ಮೂರು ಹೊಸ ರೈಫಲ್ ತಂದುಕೊಟ್ಟೆ. ಮೂರರಲ್ಲೂ ಅವಳ ಗುಂಡು ಹೊಲದಲ್ಲಿ ಬಿತ್ತಿದ ಕಾಳಿನಂತೆ ಚೆದುರಿತು. ನಾನು ಕಾಗದ ನೋಡುವುದನ್ನು ಬಿಟ್ಟು ಅವಳನ್ನು ನೋಡತೊಡಗಿದೆ. ಪ್ರತಿ ಸಲವೂ ಟ್ರಿಗರ್ ಎಳೆಯುವ ಮೊದಲು, ಕಾಳು ಕಂಡ ಕೋಳಿಯಂತೆ ಅವಳ ಕತ್ತು ವಾಲುತ್ತಿತ್ತು. ಬಲಗಣ್ಣಿನ ಜಾಗಕ್ಕೆ ಎಡಗಣ್ಣು ಬರಲು ಹವಣಿಸುತ್ತಿತ್ತು, ಅದು ಅವಳಿಗೇ ಗೊತ್ತಿರಲಿಲ್ಲ. ಒಳಗೆ ಕರೆದುಕೊಂಡು ಬಂದೆ.

"ಅಕ್ಕ, ಎಡಗಣ್ಣು ಮುಚ್ಚು. ಆ ಗೋಡೆ ಗಡಿಯಾರ ನೋಡಿ ಟೈಮ್ ಹೇಳು."

ಅವಳು ನೋಡಿದಳು. ಮತ್ತೆ ನೋಡಿದಳು. "ಸುತ್ತಲೂ ಅಂಕಿ ಕಾಣ್ತವೆ," ಎಂದಳು ನಿಧಾನವಾಗಿ. "ನಡುವೆ ಮುಳ್ಳೇ ಇಲ್ಲ. ಮುಳ್ಳು ಎಲ್ಲೋದ್ವೋ?"

ಹೋಬರ್ಟ್ ಕಾಫಿ ಲೋಟ ಕೆಳಗಿಟ್ಟ. ಅರವತ್ತು ವರ್ಷ ಬೇಟೆಯಾಡಿದವರು ನಮ್ಮ ಕಡೆ ಮೊದಲು ನಳಿಗೆಯನ್ನು ಅನುಮಾನಿಸುತ್ತಾರೆ, ಆಮೇಲೆ ತೋಟೆಯನ್ನು, ಆಮೇಲೆ ಗಾಳಿಯನ್ನು. ಕಣ್ಣಿನ ಸರದಿ ಬರುವುದು ಸತ್ತ ಮೇಲೆ.

ಲೆಕ್ಸಿಂಗ್ಟನ್ನಿನ ಕಣ್ಣಿನ ಡಾಕ್ಟರು ಬಲಗಣ್ಣಿನ ನಡುವೆ ಕಲೆ ಕೂತಿದೆ, ಕನ್ನಡಕಕ್ಕೆ ಹೋಗುವಂಥದ್ದಲ್ಲ, ಎಡಗಣ್ಣು ಮಾತ್ರ ನಲವತ್ತರವರ ಕಣ್ಣಿನಷ್ಟು ಚೊಕ್ಕವಾಗಿದೆ ಎಂದರಂತೆ. ಅಳುತ್ತ ಮನೆಯಲ್ಲಿ ಕೂತಿರುತ್ತಾಳೆ ಎಂದುಕೊಂಡಿದ್ದೆ. ಮರುದಿನ ಅಂಗಡಿ ಬಾಗಿಲು ತೆಗೆಯುವಾಗ ಮೆಟ್ಟಿಲ ಮೇಲೆ ಕೂತಿದ್ದಳು, ಪಕ್ಕದಲ್ಲಿ ಹೋಬರ್ಟ್.

"ಈಗ ಹೇಳೋ ಆರ್ವಿಲ್. ಎಡಗಣ್ಣಿಗೆ, ಎಡ ಹೆಗಲಿಗೆ, ಅರವತ್ತೊಂಬತ್ತು ವರ್ಷದ ಕೈಗೆ ಯಾವ್ದು ಹೊಂದುತ್ತೆ?"

ಕೌಂಟರಿನ ಹಿಂದೆ ನಿಂತು ನಾನು ಕಾಯುತ್ತಿದ್ದ ಪ್ರಶ್ನೆಯೇ ಇದು. ಆ ದಿನ ಬಂದ ಬೇರೆ ಗಿರಾಕಿಗಳಿಗೆ ಮೊಳೆ, ಹಗ್ಗ, ಪೇಂಟು ಏನೂ ಸಿಗಲಿಲ್ಲ. ಬೇಕಾದರೆ ನೀವೇ ತೆಗೆದುಕೊಂಡು ದುಡ್ಡು ಡಬ್ಬಿಗೆ ಹಾಕಿ ಎಂದೆ.

ಮೊದಲು ಹತ್ತು ಗುಂಡಿನದು. ಟ್ರಿಗರ್ ಎಳೆದರೆ ಸಾಕು, ಖಾಲಿ ತೋಟೆಯನ್ನು ತಾನೇ ಬಲಕ್ಕೆ ಎಸೆದು ತಾನೇ ಮುಂದಿನದನ್ನು ತುಂಬಿಕೊಳ್ಳುವಂಥದ್ದು. ಎಡ ಹೆಗಲಿನವರಿಗೆ ಆ ಬಲಗಡೆಯೇ ಮುಖವಿರುತ್ತದೆ ಎಂಬುದನ್ನು ನಾನು ಹೇಳುವ ಮೊದಲೇ ಅವಳು ಹಾರಿಸಿದಳು. ಕಾದ ಖಾಲಿ ತೋಟೆ ಸೀದಾ ಅವಳ ಕೊರಳಪಟ್ಟಿಯೊಳಗೆ ಇಳಿಯಿತು. ಅರವತ್ತೊಂಬತ್ತರ ಹೆಂಗಸು ದಿಬ್ಬದ ಮುಂದೆ ಕುಣಿದ ಕುಣಿತ ನೋಡಿ ಹೋಬರ್ಟ್ ಚಪ್ಪಾಳೆ ತಟ್ಟಿ ತಾಳ ಹಾಕಿದ.

"ಕ್ಲೆಲ್ ಇದ್ದಿದ್ರೆ ಬ್ಯಾಂಜೋ ನುಡಿಸ್ತಿದ್ದ ಅಕ್ಕ! ಇನ್ನೊಂದು ಗುಂಡು ಹಾಕು!"

"ನಗು, ನಗು. ಆಗಸ್ಟಲ್ಲಿ ಚೀಲ ಹೊರೋವಾಗ ನಾನೂ ನಗ್ತೀನಿ."

ಎರಡನೆಯದು ಎಡಗೈಯವರಿಗೆಂದೇ ಮಾಡಿದ್ದು. ವಾಲ್ನಟ್ ಮರ, ದಪ್ಪ ನಳಿಗೆ, ಮೇಲೆ ಹೊಳೆಯುವ ಸ್ಕೋಪ್. ಹೋಬರ್ಟನ ಕಣ್ಣು ಅಗಲವಾದವು. "ಇದೇ, ಇದೇ! ಇದ್ರಲ್ಲಿ ಚಂದ್ರನ ಮೇಲಿನ ಅಳಿಲೂ ಕಾಣುತ್ತೆ," ಎಂದ. ಒರ್ಲೀನಕ್ಕನಿಗೆ ತೂಕ ನೋಡಲು ತನ್ನದೇ ಒಂದು ರೀತಿಯಿತ್ತು. ಬಂದೂಕನ್ನು ಹೆಗಲಿಗೆ ಕೊಟ್ಟು, ಭಾನುವಾರದ ಪ್ರಾರ್ಥನೆಯ ಒಂದು ಹಾಡನ್ನು ಪೂರ್ತಿ ಹಾಡುವುದು. ಮೂರನೆಯ ಚರಣಕ್ಕೇ ನಳಿಗೆ ನಡುಗಿತು.

"ಮೂಗಿಗಿಂತ ಮೂಗುತಿ ಭಾರ," ಎಂದು ಕೆಳಗಿಟ್ಟಳು. "ಕಾಡು ಸುತ್ತೋಳು ನಾನು. ಇದು ಮೇಜಿನ ಮೇಲಿಟ್ಟು ಕಾಗದ ಹೊಡೆಯೋ ದೊರೆಗಳಿಗೆ."

ಮೂರನೆಯದು ಬೆರಳ ಕೆಳಗಿನ ಸನ್ನೆಕೋಲನ್ನು ತಳ್ಳಿ ಎಳೆದು ಗುಂಡು ತುಂಬುವಂಥದ್ದು. ಅದಕ್ಕೆ ಎಡ ಬಲ ಎಂಬ ಭೇದವಿಲ್ಲ. ಅದು ಅವಳಿಗೆ ಇಷ್ಟವಾಯಿತು. ಆದರೆ ಟ್ರಿಗರ್ ಎಳೆಯುವಾಗ ಮರಳಿನಲ್ಲಿ ಕಾಲೆಳೆದ ಹಾಗೆ ತಡೆತಡೆದು ಬರುತ್ತಿತ್ತು. ಅವಳ ಹಳೆಯದನ್ನೇ ಎಡ ಹೆಗಲಿಗೆ ಕೊಟ್ಟು ನೋಡಿದೆವು. ಅಪ್ಪ ಬಲಗೆನ್ನೆಗೆ ಕೆತ್ತಿದ ಮರ ಎಡಗೆನ್ನೆಯನ್ನು ಒಲ್ಲೆ ಎಂದು ದೂಡುತ್ತಿತ್ತು. ಮೂರು ದಿನ, ಹನ್ನೊಂದು ಬಂದೂಕು ಆಯಿತು. ನಾಲ್ಕನೆಯ ದಿನ ಅವಳು ಎದ್ದು ಹೊರಟೇಬಿಟ್ಟಳು.

ಆಗ ನನಗೊಂದು ನೆನಪಾಗಿ ಅವಳನ್ನು ತಡೆದೆ. ಹಿತ್ತಲ ಗಿಡ ಮದ್ದಲ್ಲ ಎನ್ನುತ್ತಾರಲ್ಲ, ಹಾಗೆ ಎರಡು ವರ್ಷದಿಂದ ಗೋದಾಮಿನ ಮೂಲೆಯಲ್ಲಿ ಒಂದು ಬಂದೂಕು ಬಿದ್ದಿತ್ತು. ಎಡಚನಾಗಿದ್ದ ಅಂಚೆಯವನೊಬ್ಬನದು. ಅವನು ಸತ್ತ ಮೇಲೆ ಹೆಂಡತಿ ತಂದುಕೊಟ್ಟಿದ್ದಳು. ಗಿಡ್ಡ, ಹಗುರ, ಒಂದು ಸಲಕ್ಕೆ ಒಂದೇ ಗುಂಡು, ತೋಟೆ ತುಂಬುವ ಹಿಡಿಕೆ ಎಡಗಡೆಗೆ. ಪುಣ್ಯಾತ್ಮ ಮರಕ್ಕೆ ಪೂರ್ತಿ ಹಸಿರು ಪೇಂಟು ಬಳಿದಿದ್ದ. ಅಂಥದ್ದನ್ನು ಕೊಳ್ಳುವುದಿರಲಿ, ಮುಟ್ಟಿದವರೂ ಇರಲಿಲ್ಲ.

"ಥೂ! ಇದೇನೋ ಕಪ್ಪೆ!" ಎಂದಳು ಒರ್ಲೀನಕ್ಕ. ಅದಕ್ಕೆ ಆ ಹೆಸರೇ ಉಳಿಯಿತು.

"ಹೆಗಲಿಗೆ ಕೊಟ್ಟು ನೋಡಕ್ಕ."

ಕೊಟ್ಟಳು. ಹಾಡಿದಳು. ನಾಲ್ಕೂ ಚರಣ ಮುಗಿದವು, ನಳಿಗೆ ಕದಲಲಿಲ್ಲ. ಇನ್ನೊಂದು ಹಾಡು ಶುರುಮಾಡಿದಳು. ಹೋಬರ್ಟ್ "ಸಾಕು ತಾಯಿ, ಚರ್ಚಿನಲ್ಲೇ ಇದನ್ನ ತಡ್ಕೊಳಕ್ಕಾಗಲ್ಲ," ಎಂದ. ಖಾಲಿ ತೋಟೆಯ ಮೇಲೆ ಟ್ರಿಗರ್ ಎಳೆಸಿದೆ. ಒಣಗಿದ ಬೀನ್ಸ್ ಕಾಯಿ ಮುರಿದಂತೆ ಟಿಕ್ ಎಂದಿತು. ಅವಳ ಮುಖ ಅರಳಿದ್ದನ್ನು ನಾನು ಎಂದೂ ಮರೆಯುವುದಿಲ್ಲ.

"ಪೇಂಟ್ ಕೆರೆದು ತೆಗೀಲಾ?" ಎಂದೆ.

"ಬೇಡ. ಎಲೆ ನಡುವೆ ಇರೋ ಬಣ್ಣ. ಅಂಚೆಯವನು ದಡ್ಡ ಅಲ್ಲ, ನೀವೇ ದಡ್ಡರು." ನೂರಿಪ್ಪತ್ತು ಡಾಲರ್ ಎಣಿಸಿಟ್ಟಳು.

ಅಷ್ಟಕ್ಕೇ ಮುಗಿಯಲಿಲ್ಲ. ಟೂ-ಟೂ ಬಂದೂಕು ತಿನ್ನುವುದರಲ್ಲಿ ಮಕ್ಕಳಿಗಿಂತ ಹಠಮಾರಿ. ಒಂದು ತೋಟೆ ಒಪ್ಪಿದರೆ ಇನ್ನೊಂದನ್ನು ಉಗುಳುತ್ತದೆ, ಯಾವುದನ್ನು ಒಪ್ಪುತ್ತದೆ ಎಂದು ಅದನ್ನು ಮಾಡಿದವನಿಗೂ ಗೊತ್ತಿರುವುದಿಲ್ಲ. ಆರು ಬಗೆಯ ತೋಟೆ ತಂದು ಆರು ಕಾಗದಕ್ಕೆ ಹೊಡೆದೆವು. ದುಬಾರಿಯದ್ದೆಲ್ಲ ಚೆದುರಿತು. ಎಲ್ಲಕ್ಕಿಂತ ಅಗ್ಗದ, ನಿಧಾನವಾಗಿ ಹೋಗುವ, ಬರೀ ಸೀಸದ ಗುಂಡಿನ ತೋಟೆಯನ್ನು ಕಪ್ಪೆ ಚಪ್ಪರಿಸಿ ತಿಂದಿತು. ನಾನು ಐದು ಹೊಡೆದರೆ ಹೆಬ್ಬೆರಳಿನ ಉಗುರು ಐದನ್ನೂ ಮುಚ್ಚುತ್ತಿತ್ತು. ಒಂದೇ ದಿನ ತಯಾರಾದವು ಒಂದೇ ಥರ ಹಾರುತ್ತವೆಂದು ಅಂಥ ಹತ್ತು ಡಬ್ಬಿ ಹುಡುಕಿ ಅವಳಿಗೆ ಎತ್ತಿಟ್ಟೆ. ಇನ್ನು ಉಳಿದದ್ದು ಅವಳ ಕೈ, ಅವಳ ಕಣ್ಣು.

ಆ ಬೇಸಿಗೆ ಒರ್ಲೀನಕ್ಕ ಎಡಗೈಯಲ್ಲಿ ಹಲ್ಲುಜ್ಜಿದಳು, ಎಡಗೈಯಲ್ಲಿ ಸಾರು ತಿರುವಿದಳು, ಎಡಗೈಯಲ್ಲಿ ಹೋಬರ್ಟನ ತಲೆಗೆ ಮೊಟಕಿದಳು. ಜೂನಿನಲ್ಲಿ ಐದರಲ್ಲಿ ಎರಡು ಸುತ್ತಿನೊಳಗೆ ಬೀಳುತ್ತಿದ್ದವು. ಜುಲೈ ನಡುವಿಗೆ ಮೂರು. ಜುಲೈ ಕೊನೆಗೆ ಕೆಲವು ದಿನ ನಾಲ್ಕು. ಐದು ಮಾತ್ರ ಒಮ್ಮೆಯೂ ಬಿದ್ದಿರಲಿಲ್ಲ. ಪ್ರತಿ ಶನಿವಾರ ಕಾಗದಗಳನ್ನು ಅಂಗಡಿಗೆ ತಂದು ಮಕ್ಕಳ ಮಾರ್ಕ್ಸ್ ಕಾರ್ಡಿನಂತೆ ನನ್ನ ಮುಂದೆ ಹರಡುತ್ತಿದ್ದಳು. ನನಗಂತೂ ಅಷ್ಟು ಉಮೇದಿನ ಬೇಸಿಗೆ ಮತ್ತೆ ಬಂದಿಲ್ಲ.

ಆಗಸ್ಟ್ ಮೊದಲ ವಾರ ಇನ್ನೆರಡು ಡಬ್ಬಿ ತೋಟೆ ಕೊಡಲು ಅವಳ ಮನೆಗೆ ಹೋದೆ. ಹೊಗೆಮನೆಯಲ್ಲಿ ಹಂದಿ ತೊಡೆ ಕೆಳಗಿಳಿಸುತ್ತಿದ್ದಳು. ನಾನು ಗೋಡೆ ನೋಡುತ್ತ ನಿಂತೆ. ಅವಳವೇ ಅರವತ್ತು ಕಾಗದ. ಹೊಗೆಗೆ ಹಳದಿಯಾಗಿ, ಕಂದಾಗಿ, ಹಳೆಯವು ಕಪ್ಪಾಗಿಯೇ ಹೋಗಿದ್ದವು. ಕೊನೆಯದು ಹೋದ ವರ್ಷದ್ದು, ಇನ್ನೂ ಬೆಳ್ಳಗಿತ್ತು. ಸುತ್ತಿನೊಳಗೆ ಐದು ತೂತು. ನಾಲ್ಕಕ್ಕೆ ಸುತ್ತಲೂ ಸೀಸ ಒರೆಸಿದ ಕಪ್ಪು ಅಂಚು. ಐದನೆಯದಕ್ಕೆ ಅಂಚಿರಲಿಲ್ಲ. ನನ್ನ ಕಸುಬು ಇಂಥ ತೂತು ನೋಡುವುದೇ. ಕಣ್ಣು ಬೇಗನೆ ಬೇರೆ ಕಡೆ ತಿರುಗಿಸಿದೆ, ಆದರೂ ತಡವಾಗಿತ್ತು.

"ನೋಡ್ದೆ ಅಲ್ವಾ?" ಎಂದಳು.

"ಏನನ್ನ?"

"ನನ್ ಹತ್ರ ನಾಟ್ಕ ಬೇಡ. ಗುಂಡು ಹೋದ ತೂತಿಗೆ ಕಪ್ಪಿರುತ್ತೆ. ಮೊಳೆ ಹೋದ ತೂತಿಗಿರಲ್ಲ."

ಹಂದಿ ತೊಡೆಯನ್ನು ಮಡಿಲಲ್ಲಿಟ್ಟುಕೊಂಡು ಅಲ್ಲೇ ಕೂತು ಹೇಳಿದಳು. ಹೋದ ವರ್ಷ ನಾಲ್ಕು ಸುತ್ತಿನೊಳಗೆ ಬಿದ್ದವಂತೆ. ಐದನೆಯದು ದಿಮ್ಮಿಯನ್ನೂ ಮುಟ್ಟದೆ ದಿಬ್ಬಕ್ಕೆ ಹೋಯಿತು. ಕಾಗದದ ಹತ್ತಿರ ಮೊದಲು ಹೋದವಳು ಅವಳೇ, ಗೋಡೆಗೆ ಹೊಡೆಯುವ ಮೊಳೆ ಕೈಯಲ್ಲೇ ಇತ್ತು, ಹೋಬರ್ಟ್ ಇನ್ನೂ ಬೇಲಿಯ ಹತ್ತಿರವಿದ್ದ.

"ಐವತ್ತೊಂಬತ್ತು ಕಾಗದ ಇದ್ವು ಕಣೋ ಗೋಡೇಲಿ. ಚುಚ್ಬಿಟ್ಟೆ." ಹಂದಿ ತೊಡೆಯ ಮೇಲಿನ ಮಸಿಯನ್ನು ಹೆಬ್ಬೆರಳಲ್ಲಿ ಒರೆಸಿದಳು. "ಮಾರನೇ ದಿನ ಎರಡನೇ ಅಳಿಲಿಗೆ ಹೊಟ್ಟೆಗೆ ಬಿತ್ತು. ಬೀಚ್ ಮರದ ಪೊಟರೆ ಸೇರ್ಕೊಳ್ತು. ಮಧ್ಯಾಹ್ನದ ತನಕ ಕೆಳಗೆ ನಿಂತಿದ್ದೆ. ಒಳಗೆ ಕೆರೆಯೋ ಸದ್ದು ಕೇಳ್ತಾನೇ ಇತ್ತು."

ಅಡಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು. ಆದರೂ ಅವಳ ಮೇಲೆ ನನಗೆ ಸಿಟ್ಟು ಬರಲಿಲ್ಲ.

"ಈ ಸಲ ಐದೂ ನಿಜವಾಗಿ ಬಿದ್ರೆ ಕಾಡಿಗೆ ಹೋಗ್ತೀನಿ," ಎಂದಳು. "ಒಂದು ತಪ್ಪಿದ್ರೂ ಕಪ್ಪೆನ ತಂದು ನಿನ್ನ ಅಂಗಡೀಲಿ ಇಡ್ತೀನಿ. ಇನ್ನು ಸಾಯೋವರ್ಗೂ ಬಂದೂಕು ಮುಟ್ಟಲ್ಲ."

"ಹೋಬರ್ಟನಿಗೆ ಹೇಳಿದ್ದೀಯಾ?"

"ಗೆದ್ದು ಹೇಳ್ತೀನಿ. ಸೋತು ಹೇಳಿದ್ರೆ ಅಳುಮುಂಜಿ ಮುದುಕಿ ಅಂತಾನೆ."

ಪರೀಕ್ಷೆಯ ಶುಕ್ರವಾರ ಮಧ್ಯಾಹ್ನಕ್ಕೇ ಅಂಗಡಿ ಮುಚ್ಚಿದೆ. ಬೈನಾಕ್ಯುಲರ್ ಕೊರಳಿಗೆ ಹಾಕಿಕೊಂಡು ಒರ್ಲೀನಕ್ಕನ ಮನೆಗೆ ಹೋದೆ. ಹೋಬರ್ಟನ ಸರದಿ ಮೊದಲು. ಐದೂ ಒಳಗೆ ಬಿದ್ದವು, ಒಂದು ಗೆರೆಗೆ ಕೂದಲೆಳೆಯಷ್ಟು ಹತ್ತಿರ. ಅದಕ್ಕೆ ಅವನು ಕಾಲು ಗಂಟೆ ವಾದ ಮಾಡಿದ, ಯಾರೂ ಇಲ್ಲವೆನ್ನದಿದ್ದರೂ.

ಒರ್ಲೀನಕ್ಕ ಬೇಲಿಗೆ ಒರಗಿ ಕೂತಳು. ಕಪ್ಪೆಯನ್ನು ಎಡ ಹೆಗಲಿಗೆ ಕೊಟ್ಟಳು. ಕತ್ತು ವಾಲಲಿಲ್ಲ. ಟಪ್. ಬೈನಾಕ್ಯುಲರಿನಲ್ಲಿ ನೋಡಿದೆ: ಸುತ್ತಿನ ನಡುವೆ. ಎರಡನೆಯದು ಅದರ ಪಕ್ಕ. ಮೂರನೆಯದು ಸ್ವಲ್ಪ ಮೇಲೆ, ಒಳಗೇ. ಬಂದೂಕು ಹಿಡಿದವಳ ಕೈ ಕದಲಲಿಲ್ಲ. ನಾಲ್ಕನೆಯದು ಎಡಕ್ಕೆ, ಒಳಗೆ. ಹೋಬರ್ಟ್ ತಮಾಷೆ ಮಾಡುವುದನ್ನೇ ಮರೆತಿದ್ದ. ಅವಳು ಉಸಿರು ಬಿಟ್ಟಳು, ಕಣ್ಣು ಒರೆಸಿಕೊಂಡಳು, ಐದನೆಯ ತೋಟೆ ತುಂಬಿದಳು.

ಟಪ್.

ನಾನು ನೋಡಿದೆ. ಹೊಸ ತೂತು ಕಾಣಲಿಲ್ಲ. ಸುತ್ತಿನೊಳಗೆ ಹುಡುಕಿದೆ, ಹೊರಗೆ ಹುಡುಕಿದೆ, ಇಡೀ ಕಾಗದ ಹುಡುಕಿದೆ. ಹೋಬರ್ಟ್ ನಡೆದುಹೋಗಿ ಬಗ್ಗಿ ನೋಡಿ, ತಿರುಗಿ ನಿಂತ.

"ನಾಲ್ಕು," ಎಂದ. ಅವನ ದನಿ ಅಷ್ಟು ಸಣ್ಣದಾಗಿದ್ದನ್ನು ನಾನು ಕೇಳಿರಲಿಲ್ಲ.

ಒರ್ಲೀನಕ್ಕ ಬಂದೂಕು ಖಾಲಿ ಮಾಡಿ ಹುಲ್ಲಿನ ಮೇಲೆ ಮಲಗಿಸಿದಳು. "ಸರಿ," ಎಂದಳು, ಅಷ್ಟೇ. ನಾನು ಓಡಿದೆ. ಕಾಗದಕ್ಕೆ ಮೂಗು ತಾಗಿಸಿ ನೋಡಿದೆ. ಎಡಗಡೆಯ ತೂತು ದುಂಡಗಿರಲಿಲ್ಲ, ತುಸು ಉದ್ದವಾಗಿತ್ತು, ಕಪ್ಪು ಅಂಚು ಒಂದು ಕಡೆ ದಪ್ಪವಾಗಿತ್ತು.

"ಅಕ್ಕ! ಎರಡು ಒಂದೇ ತೂತಲ್ಲಿ ಹೋಗಿವೆ! ಬಾ, ನೋಡು ಬಾ!"

ಅವಳು ಬಂದಳು, ಆದರೆ ನೋಡಲಿಲ್ಲ. "ಬೇಡ ಆರ್ವಿಲ್. ನನಗೋಸ್ಕರ ತೂತು ಹುಡುಕ್ಬೇಡ. ಈ ಮನೇಲಿ ಕಾಗದದ ಮಾತು ನಂಬಿದ್ದು ಸಾಕು."

ಹೋಬರ್ಟ್ ಅವಳ ಮುಖವನ್ನೇ ಸ್ವಲ್ಪ ಹೊತ್ತು ನೋಡಿದ. ಆಮೇಲೆ ಕೊಟ್ಟಿಗೆಗೆ ಹೋಗಿ ಕೊಡಲಿ ತಂದ. "ಕಾಗದ ಬಿಡು. ದಿಮ್ಮಿನ ಕೇಳಾಣ," ಎಂದ.

ಎರಡೇ ಏಟಿಗೆ ದಿಮ್ಮಿ ಸೀಳಿತು. ಮೂವರೂ ಮಂಡಿಯೂರಿ ಕೂತೆವು. ಜೇಬುಚಾಕುವಿನಿಂದ ಅವನು ಒಂದೊಂದೇ ಸೀಸ ಕೀಳುತ್ತ ಅವಳ ಅಂಗೈಗೆ ಹಾಕಿದ. ಒಂದು. ಎರಡು. ಮೂರು. ಎಡಗಡೆಯ ತೂತಿನೊಳಗೆ ಚಾಕು ಹಾಕಿ ತಿರುವಿದ. ದಪ್ಪನೆಯ ಒಂದು ಗಂಟು ಹೊರಬಿತ್ತು. ಅವನು ಗಂಟನ್ನು ಕಲ್ಲಿನ ಮೇಲಿಟ್ಟು ಚಾಕುವಿನ ತುದಿ ಒತ್ತಿದ. ಅದು ಎರಡಾಯಿತು. ಒಂದರ ಬೆನ್ನಿನ ಕುಳಿಯಲ್ಲಿ ಇನ್ನೊಂದರ ಮೂತಿ ಹುದುಗಿದ ಗುರುತು ಸ್ಪಷ್ಟವಾಗಿತ್ತು.

"ನಾಲ್ಕು," ಎಂದು ಒಂದನ್ನು ಅಂಗೈಗೆ ಹಾಕಿದ. "ಐದು!"

ನಾನು ಕಿರುಚಿದೆ. ಐವತ್ತಾರು ವರ್ಷದ ಗಂಡಸು, ಟೋಪಿ ಎಸೆದು ಕಿರುಚಿದೆ, ನಾಚಿಕೆಯೇನೂ ಇಲ್ಲ. ಒರ್ಲೀನಕ್ಕ ಮಾತ್ರ ಮುಷ್ಟಿ ಬಿಗಿಹಿಡಿದು ಕೂತಿದ್ದಳು. ಕಣ್ಣು ತುಂಬಿ ಹರಿಯುತ್ತಿತ್ತು.

"ಹೋಬರ್ಟ್. ಹೋದ ವರ್ಷ ನಾನು..."

"ನಾಲ್ಕು," ಎಂದ ಹೋಬರ್ಟ್, ಚಾಕು ಒರೆಸಿ ಮಡಿಸುತ್ತ. "ಹೋದ ವರ್ಷ ನಾಲ್ಕೇ ಇತ್ತು. ದಿಮ್ಮಿನ ಸೌದೆ ಚಕ್ಕೆ ಮಾಡ್ದೆ, ಐದನೇದು ಸಿಗ್ಲಿಲ್ಲ."

ಅವಳು ಬಾಯಿ ಬಿಟ್ಟು ನೋಡಿದಳು. "ಗೊತ್ತಿದ್ದೂ ವರ್ಷ ಪೂರ್ತಿ ಬಾಯ್ಮುಚ್ಕೊಂಡಿದ್ದಾ? ನೀನು?"

"ಕಷ್ಟ ಆಯ್ತು," ಎಂದ. "ಬೇರೆ ಎಲ್ಲಾದಕ್ಕೂ ಆಡ್ಕೊಂಡು ನಕ್ಕೆ ಅಕ್ಕ. ಅದಕ್ಕೆ ನಗು ಬರ್ಲಿಲ್ಲ. ನೀನು ತಪ್ಪೋ ಪೈಕಿ ಅಲ್ಲ, ಏನೋ ಆಗಿದೆ ಅಂತ ಈ ಆರ್ವಿಲ್ ಹತ್ರ ಎಳ್ಕೊಂಡು ಬಂದೆ."

ಒರ್ಲೀನಕ್ಕ ಎದ್ದು ಹೊಗೆಮನೆಗೆ ಹೋದಳು, ನಾವು ಹಿಂದೆ ಹೋದೆವು. ಹೋದ ವರ್ಷದ ಕಾಗದ ಕಿತ್ತು, ಅಂಚಿಲ್ಲದ ತೂತಿನ ಮೇಲೆ ಪೆನ್ಸಿಲಿನಲ್ಲಿ ಗೀಟು ಹಾಕಿ, ಕೆಳಗೆ "ನಾಲ್ಕು" ಎಂದು ಬರೆದು ಮತ್ತೆ ಅಲ್ಲೇ ಹೊಡೆದಳು. ಪಕ್ಕದಲ್ಲಿ ಈ ವರ್ಷದ್ದು. ನಾಲ್ಕು ತೂತಿನ ಕೆಳಗೆ "ಐದು" ಎಂದು ಬರೆದಳು. ಗೋಡೆಯ ಆ ಮೂಲೆ ನೋಡಿದ ಹೊಸಬರು ಈ ಮನೆಯವರಿಗೆ ಲೆಕ್ಕ ಬರುವುದಿಲ್ಲ ಎಂದುಕೊಳ್ಳುತ್ತಾರೆ.

"ನಾಳೆ ಬೆಳಿಗ್ಗೆ ಐದಕ್ಕೆ ರೆಡಿ ಇರು," ಎಂದಳು ತಮ್ಮನಿಗೆ. "ಬಂದೂಕು ನಿಂದು, ಚೀಲ ನಂದು."

"ಹುಚ್ಚಾ? ಐದೂ ಬಿದ್ದಿದೆಯಲ್ಲ!"

"ಅದು ಈ ವರ್ಷದ್ದು. ಹೋದ ವರ್ಷದ ಚೀಲ ಯಾರು ಹೊರ್ತಾರೆ, ನಮ್ಮಪ್ಪನಾ?"

ಶನಿವಾರ ನಾನೂ ಹೋದೆ. ಮಂಜು ಹರಿಯುವ ಮೊದಲೇ ಹಿಕರಿ ತೋಪು ಸೇರಿದೆವು. ಅರವತ್ತೊಂಬತ್ತನೇ ವಯಸ್ಸಿನಲ್ಲಿ ಮೊದಲ ಸಲ ಒರ್ಲೀನಕ್ಕ ಗೋಣಿಚೀಲ ಹೆಗಲಿಗೆ ಹಾಕಿಕೊಂಡು ತಮ್ಮನ ಹಿಂದೆ ನಡೆದಳು. ಅವನು ಬಂದೂಕು ಎತ್ತಿದಾಗಲೆಲ್ಲ ಹಿಂದಿನಿಂದ "ತಲೆಗೆ ಕಣೋ, ತಲೆಗೆ," ಎಂದು ಪಿಸುಗುಟ್ಟುತ್ತಿದ್ದಳು. ಮೂರು ಅಳಿಲು ಬಿದ್ದವು. ಮೂರನ್ನೂ ಚೀಲಕ್ಕೆ ಹಾಕುವ ಮೊದಲು ತಲೆಯನ್ನು ಬೆರಳಿಂದ ಮುಟ್ಟಿ ನೋಡಿದಳು. ದಾರಿಯಲ್ಲಿ ಆ ಬೀಚ್ ಮರ ಸಿಕ್ಕಿತು. ಪೊಟರೆಯ ಕೆಳಗೆ ಒಂದು ಗಳಿಗೆ ನಿಂತು, ಮಾತಾಡದೆ ಮುಂದೆ ಹೋದಳು.

ಭಾನುವಾರ ಚರ್ಚು. ಸೋಮವಾರ ಬೆಳಿಗ್ಗೆ ಅಂಗಡಿ ಬಾಗಿಲು ತೆಗೆಯುವಾಗ ಅವರಿಬ್ಬರೂ ಕಾಡಿನ ಕಡೆ ಹೋಗುತ್ತಿದ್ದುದು ಕಂಡಿತು. ಒರ್ಲೀನಕ್ಕನ ಎಡ ಹೆಗಲ ಮೇಲೆ ಕಪ್ಪೆ. ನಾಲ್ಕು ಹೆಜ್ಜೆ ಹಿಂದೆ ಹೋಬರ್ಟ್, ಅವನ ಕೈಯಲ್ಲಿ ಬಂದೂಕಿರಲಿಲ್ಲ. ಗೋಣಿಚೀಲ ಹೊತ್ತಿದ್ದ. ಹೊರು ಎಂದು ಅವನಿಗೆ ಯಾರೂ ಹೇಳಿರಲಿಲ್ಲ.